ಜಗಲಿಗೆ ಬಂದ ಬೆಲ್ಲ ನೀರು

ಶಾರ್ಜಾಕ್ಕೆ ಬಂದ ಮೊದಲ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿ ಕೈ ಸುಟ್ಟುಕೊಂಡೆ. ಊರಲ್ಲಿ ಕುಳಿತು ಓದುವವರಿಗೆ ನಗು ಬಂದೀತು. ಇಲ್ಲಿ ತಾರಸಿಯ ಟ್ಯಾಂಕು ಇಡೀ ದಿನ ಬಿಸಿಲಲ್ಲಿ ಕಾಯುತ್ತದೆ. ಗೀಸರ್ ಬಂದ್ ಮಾಡಿಟ್ಟು, ಅದರೊಳಗೆ ಆರಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ಹಿಡಿದು ಮೀಯಬೇಕೆಂದು ರೂಮಿನ ಮಲಯಾಳಿ ಹೇಳಿಕೊಟ್ಟ. ನಮ್ಮೂರು ಪುತ್ತಿಗೆಯಲ್ಲಿ ಬಾವಿಯಿಂದ ಸೇದಿದ ನೀರನ್ನು ಕೊಡಪಾನದಿಂದಲೇ ತಲೆಗೆ ಸುರಿದುಕೊಂಡು ಬೆಳೆದವನು ನಾನು. ಸ್ನಾನವನ್ನೂ ಇನ್ನೊಬ್ಬರಿಂದ ಕಲಿಯಬೇಕಾಯಿತು.

ಇಲ್ಲಿ ನಮ್ಮಂಥವರಿಗೆ ಸಿಗುವುದು ಮನೆಯಲ್ಲ, ಬೆಡ್‌ಸ್ಪೇಸ್. ಅಂದರೆ ಒಂದು ಮಂಚದಷ್ಟು ಜಾಗ. ಮೇಲಿನ ಮಂಚದಿಂದ ಕೆಳಗಿನ ಮಂಚಕ್ಕೆ ಬಡ್ತಿ ಸಿಕ್ಕಿದ್ದನ್ನು ಅಮ್ಮನಿಗೆ ಫೋನು ಮಾಡಿ ತಿಳಿಸಿದ್ದೆ. ಅರಬ್ಬಿ ಕಲಿಯಲು ಹೊರಟವನು ಮಲಯಾಳ ಕಲಿತೆ. ಖುಬೂಸ್ ಎಂಬ ಇಲ್ಲಿನ ರೊಟ್ಟಿಯನ್ನು ಮೊದಮೊದಲು ಬೈಯುತ್ತಾ ತಿನ್ನುತ್ತಿದ್ದೆ, ಈಗ ಏನೂ ಅನಿಸದೆ ತಿನ್ನುತ್ತೇನೆ. ಹೆಚ್ಚಿನ ವಿಷಯಗಳಲ್ಲಿ ಈಗ ಹಾಗೆಯೇ.

ಊರಿನ ಮೇ ತಿಂಗಳೆಂದರೆ ಹಲಸಿನ ಹಪ್ಪಳ. ಅಮ್ಮ ಬೇಯಿಸಿದ ತೊಳೆ ಕುಟ್ಟಿ ಉಂಡೆ ಮಾಡಿದರೆ, ಎರಡು ಮಣೆಗಳ ನಡುವೆ ಇಟ್ಟು ಒತ್ತುವುದು ನನ್ನ ಕೆಲಸ. ನನ್ನ ತಮ್ಮ ಅಂಗಳದಲ್ಲಿ ಕಾಗೆ ಓಡಿಸುವ ನೆಪದಲ್ಲಿ ಹಸಿ ಹಪ್ಪಳ ಕದ್ದು ತಿನ್ನುತ್ತಿದ್ದ. ಎಲ್ಲಿದ್ದರೂ ನಾನು ಆ ಮನೆಯ ಜನ ಎಂಬುದೊಂದೇ ಇಲ್ಲಿ ನನಗಿದ್ದ ಧೈರ್ಯ.

ಈ ಸಲ ಮೇಯಲ್ಲಿ ಊರಿಗೆ ಹೋದೆ. ಜಗಲಿಯಲ್ಲಿ ಬ್ಯಾಗು ಇಳಿಸುವಷ್ಟರಲ್ಲಿ ತಮ್ಮನ ಹೆಂಡತಿ ಶಶಿಕಲಾ ತಟ್ಟೆಯಲ್ಲಿ ಬೆಲ್ಲ ಮತ್ತು ಒಂದು ಲೋಟ ನೀರು ತಂದಿಟ್ಟಳು. ಅವಳು ಆ ಮನೆಗೆ ಬಂದದ್ದು ನಾನು ಹೊರಟ ಮೇಲೆ. ನಮ್ಮ ಕಡೆ ನೆಂಟರಿಗೆ ಮೊದಲು ಕೊಡುವುದು ಬೆಲ್ಲ ನೀರು. ಮನೆಯವರು ಸೀದಾ ಒಳಗೆ ಹೋಗಿ ತಾವೇ ನೀರು ಮೊಗೆದು ಕುಡಿಯುತ್ತಾರೆ. ಅಮ್ಮನ ಮುಖ ನೋಡಿದೆ.

"ಬಿಸಿಲಿಗೆ ಬಂದದ್ದಲ್ವಾ, ಕುಡಿ ಮಗ," ಎಂದರು.

ಕುಡಿದೆ. ಬೇಸರವಾಗಬೇಕಿತ್ತು, ಆಗಲಿಲ್ಲ.

ಮರುದಿನ ಮುಂಡಾಜೆಯಿಂದ ಸೋದರಮಾವ ಬಂದರು. ಅಮ್ಮ, ಶಶಿಕಲಾ ಇಬ್ಬರ ಕೈಯೂ ಹಪ್ಪಳದ ಹಿಟ್ಟಿನಲ್ಲಿತ್ತು. ಇದೇ ಸಮಯವೆಂದು ನಾನು ಎದ್ದೆ. ನೆಂಟರಿಗೆ ಬೆಲ್ಲ ನೀರು ಕೊಡುವವನು ಮನೆಯವನೇ ತಾನೆ? ಅಡುಗೆಮನೆಯಲ್ಲಿ ಬೆಲ್ಲದ ಭರಣಿಯ ಜಾಗದಲ್ಲಿ ಮಿಕ್ಸಿ ಕೂತಿತ್ತು. ಕಪಾಟುಗಳನ್ನು ಒಂದೊಂದಾಗಿ ತೆರೆದೆ. ಅಕ್ಕಿಹಿಟ್ಟು ಸಿಕ್ಕಿತು, ಮಕ್ಕಳ ಬಿಸ್ಕತ್ತು ಸಿಕ್ಕಿತು, ನಾನೇ ತಂದ ಖರ್ಜೂರ ಸಿಕ್ಕಿತು. ಕೊನೆಗೆ ಬಾಗಿಲಿಗೆ ಬಂದು ಕೇಳಿದೆ.

"ಶಶಿ, ಬೆಲ್ಲ ಎಲ್ಲಿ ಉಂಟು?"

ಅವಳು ಗಡಿಬಿಡಿಯಲ್ಲಿ ಕೈ ತೊಳೆದು ಬಂದಳು. "ನೀವು ಜಗಲಿಯಲ್ಲಿ ಕೂತ್ಕೊಳ್ಳಿ ಭಾವ, ನಾನು ತರ್ತೇನೆ."

ಪ್ರೀತಿಯಿಂದಲೇ ಹೇಳಿದಳು. ಹೋಗಿ ಮಾವನ ಪಕ್ಕ ಕುಳಿತೆ. ಯಾವಾಗ ಬಂದದ್ದು, ಯಾವಾಗ ಹೋಗುವುದು ಎಂದು ಅವರು ಒಂದೇ ಉಸಿರಿಗೆ ಕೇಳಿದರು. ನಾನು ಉತ್ತರ ಹೇಳುವಷ್ಟರಲ್ಲಿ ಶಶಿಕಲಾ ಬಂದಳು. ತಟ್ಟೆಯಲ್ಲಿ ಎರಡು ಲೋಟ ಇತ್ತು.