‘ನೋಡೋಣ’ ಅಂದ್ರೆ ಮುಗೀತು

ರಾಯಭಾರ ಕಚೇರಿಯ ಟೈಪಿಸ್ಟ್ ಅಕ್ಕನ ನಿವೃತ್ತಿಗೆ ವಾರವಷ್ಟೇ ಬಾಕಿ. ನಮ್ಮ ಭಾಷೆ ಕಲಿತೇ ಬಂದಿದ್ದ ಹೊಸ ರಾಯಭಾರಿ, ದೇಶದ ರಾಜಕೀಯ, ವ್ಯಾಪಾರದ ಬಗೆಗಿನ ಇನ್ನೂರು ಪುಟದ ವರದಿ ಓದಿ ಸುಸ್ತಾಗಿದ್ದ.

“ಆ ಕಂತೆ ಅತ್ಲಾಗಿಡಿ ಸಾರ್,” ಎಂದು ಅಕ್ಕ ರೇಗಿದಳು. “ಮಂತ್ರಿಗಳು ‘ಆಗಲ್ಲ’ ಅಂದ್ರೆ ಕೂತಿರಿ, ಮಾತು ಇನ್ನೂ ಇದೆ. ‘ನೋಡೋಣ’ ಅಂದ್ರೆ ಮುಗೀತು, ಎದ್ದು ಬನ್ನಿ.”

ಮರುದಿನ ಆತ ಮಂತ್ರಿಯನ್ನು ಕಂಡು ಬರುವ ತನಕ ಅಕ್ಕ ಜೀವ ಕೈಯಲ್ಲಿ ಹಿಡಿದು ಕೂತಿದ್ದಳು.

“‘ಆಗೋದೇ ಇಲ್ಲ’ ಅಂತ ಮೇಜು ಗುದ್ದಿದ್ರು! ನಾನು ಅಲ್ಲಾಡ್ಲಿಲ್ಲ. ಬಂದರಿನ ಒಪ್ಪಂದಕ್ಕೆ ಸಹಿ ಬಿತ್ತು,” ಎಂದು ಆತ ಅವಳೆದುರು ಕೂತು ಬೀಗಿದ. ಅಕ್ಕನಿಗೆ ಹೋದ ಜೀವ ಬಂದಂತಾಯಿತು.

“ಇನ್ನೊಂದು ವರ್ಷ ಇಲ್ಲೇ ಇರ್ತೀರಾ, ಅಕ್ಕ?”

“ನೋಡೋಣ ಸಾರ್.”

ಆತ ಎದ್ದುಹೋದ, ಬೀಳ್ಕೊಡುಗೆಗೆ ದಿನ ಗೊತ್ತುಮಾಡಲು.