ಡಿ ಡ್ರೈವಿನಲ್ಲಿಟ್ಟ ಹನ್ನೊಂದು ವರ್ಷ

ಹೊಲಿಗೆಯ ಅಕ್ಕನಿಗೆ ಯಾವ ಕೆಲಸವನ್ನೂ ಅರೆಬರೆ ಮಾಡಿ ಗೊತ್ತಿಲ್ಲ. ಹಳೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಳ್ಳಿ ಎಂದು ಮೈದುನ ಪೆನ್‌ಡ್ರೈವ್ ಕೊಟ್ಟು ಹೋದಾಗ, ಎಂಬ್ರಾಯಿಡರಿ ಯಂತ್ರಕ್ಕೆಂದು ಹನ್ನೊಂದು ವರ್ಷ ತಾನೇ ಬಿಡಿಸಿದ ವಿನ್ಯಾಸಗಳನ್ನೆಲ್ಲ ಮೊದಲು ಸಿ ಡ್ರೈವಿನಿಂದ ಡಿ ಡ್ರೈವಿಗೆ ಸಾಗಿಸಿದಳು. ಸಿ ಅಳಿದರೂ ಡಿ ಉಳಿಯುತ್ತದೆಂದು ಅವಳ ನಂಬಿಕೆ. ಡಿಸ್ಕ್ ಪೂರ್ತಿ ಅಳಿಸಲೇ ಎಂದು ಕಂಪ್ಯೂಟರ್ ಕೇಳಿದಾಗ ಧೈರ್ಯವಾಗಿ ಹೌದು ಎಂದು ಒತ್ತಿದಳು.

ಹೊಸ ವ್ಯವಸ್ಥೆ ಚುರುಕಾಗಿ ತೆರೆದುಕೊಂಡಿತು. ಡಿ ಎಲ್ಲಿಯೂ ಇರಲಿಲ್ಲ. ಮೈದುನನಿಗೆ ಫೋನ್ ಮಾಡಿದಳು.

“ಅತ್ತಿಗೆ, ಸಿ, ಡಿ ಎರಡೂ ಒಂದೇ ಡಿಸ್ಕು. ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿದ ಹಾಗೆ. ನೀವು ಮನೆಯನ್ನೇ ಕೆಡವಿಬಿಟ್ರಿ.”

“ಪೆನ್‌ಡ್ರೈವ್ ಕೊಡುವಾಗ ಇದನ್ನ ಹೇಳೋಕೆ ನಿನ್ನ ಬಾಯಿಗೇನಾಗಿತ್ತು?”

“ಎಲ್ಲಾ ಭದ್ರ ಮಾಡಿದೀನಿ ಅಂದ್ರಲ್ಲ ನೀವು.”

ಅಂದಿದ್ದು ನಿಜ. ಶಾಲೆಯೊಂದರ ಇನ್ನೂರು ಸಮವಸ್ತ್ರಗಳ ಮೇಲೆ ಅದರ ಲಾಂಛನ ಸೋಮವಾರದೊಳಗೆ ಹೊಲಿದು ಕೊಡಬೇಕಿತ್ತು. ಅಕ್ಕ ಚಿಂದಿಯ ಚೀಲವನ್ನು ನೆಲಕ್ಕೆ ಸುರಿದಳು. ಪ್ರತಿ ವಿನ್ಯಾಸವನ್ನೂ ಅವಳು ಮೊದಲು ಚೂರುಬಟ್ಟೆಯ ಮೇಲೆ ಹೊಲಿದು ನೋಡುವವಳು. ಲಾಂಛನದ ಚೂರು ಸಿಕ್ಕಿತು. ಅದನ್ನು ನೋಡಿ ವಿನ್ಯಾಸವನ್ನು ಮತ್ತೆ ಬಿಡಿಸಲೆಂದು ಕನ್ನಡಕ ಏರಿಸಿ, ಸೂಜಿಮೊನೆಯಿಂದ ಒಂದೊಂದೇ ಹೊಲಿಗೆ ಎಣಿಸತೊಡಗಿದಳು. ಮಿಕ್ಕ ಚೂರುಗಳಲ್ಲಿ ಅರ್ಧದಷ್ಟನ್ನು, ಎಲ್ಲ ಕಂಪ್ಯೂಟರಿನಲ್ಲೇ ಇದೆಯಲ್ಲ, ಇನ್ನೇಕೆ ಇವು ಎಂದು, ಹೋದ ತಿಂಗಳಷ್ಟೇ ಅವಳೇ ನೆಲ ಒರೆಸಲು ತೆಗೆದಿದ್ದಳು.