ಎಂಟನೆಯ ಸಿಡಿತ

ಬಾವಿ ತೋಡುವ ರಾಯಪ್ಪನಿಗೆ ಒಂದು ಚಾಳಿಯಿತ್ತು. ಬಂಡೆಯ ಎಂಟು ಕುಳಿಗೆ ಮದ್ದು ತುಂಬಿ ಬತ್ತಿ ಹಚ್ಚಿದರೆ, ದೂರ ಕೂತು ಕಣ್ಣು ಮುಚ್ಚಿ ಎಂಟು ಸಿಡಿತ ಎಣಿಸುತ್ತಿದ್ದ. ಒಂದು ಕಡಿಮೆ ಬಿದ್ದರೂ ಆ ದಿನ ಕೆಲಸ ಬಂದ್. ಮರುದಿನ ಕುಳಿಗಳಿಗೆ ಕೊಡಗಟ್ಟಲೆ ನೀರು ಸುರಿದ ಮೇಲೇ ಯಾರಾದರೂ ಇಳಿಯಬೇಕು. ಅವನು ತಂಡದ ಮುಂದಾಳು, ಅಂದರೆ ಮುಕಾದಮನಾಗಿದ್ದ ಒಂಬತ್ತು ವರ್ಷ, ತಿಕೋಟಾದಿಂದ ಬಬಲೇಶ್ವರದವರೆಗೆ, ತಂಡದ ಒಬ್ಬನ ಬೆರಳೂ ಹೋಗಲಿಲ್ಲ. ಏನೂ ಆಗದಿದ್ದುದಕ್ಕೆ ಯಾರು ಹಾರ ಹಾಕುತ್ತಾರೆ?

೧೯೬೪ರಲ್ಲಿ ಬಾವಿ ತೋಡಿಸುತ್ತಿದ್ದ ಜೈನಾಪುರದ ಜಮೀನುದಾರ ಬಸಗೊಂಡಪ್ಪನಿಗೆ ಈ ನಿಧಾನ ಸಾಕಾಯಿತು. "ಮುಂದಾಳು ಅಂದ್ರ ಎದಿ ಇರಬೇಕೋ. ಇಂವಾ ಬಾವಿ ಮುಂದ ಜಪ ಮಾಡ್ತಾನ!" ಎಂದು ನಕ್ಕು, ತಂಡದ ಶಾಂತಪ್ಪನನ್ನು ಮುಕಾದಮ ಮಾಡಿದ. ರಾಯಪ್ಪನ ಪಾಲಿಗೆ ಉಳಿದದ್ದು ಆಳುಗಳನ್ನು ಇಳಿಸುವ ಹಗ್ಗ.

ಅಂದು ಎಂಟು ಬತ್ತಿ ಹಚ್ಚಿದರು. ಏಳು ಸಿಡಿದವು.

"ಒಂದು ಒಳಗ ಉಳದೈತಿ," ಎಂದ ರಾಯಪ್ಪ.

"ಎರಡು ಜೋಡಿಲೇ ಹಾರ್ಯಾವ ಲೇ! ಹೆದರಿಕಿ ಆದ್ರ ಮನಿಗೆ ಹೋಗಿ ರೊಟ್ಟಿ ಬಡಿ," ಎಂದ ಶಾಂತಪ್ಪ. ತಂಡವೆಲ್ಲ ಕೇಕೆ ಹಾಕಿತು. ರಾಯಪ್ಪನ ತಂಗಿ ಪರಸವ್ವನ ಗಂಡ ಸಾಬಣ್ಣನೂ ನಕ್ಕ.

ಶಾಂತಪ್ಪ ಠಕ್ಕನಲ್ಲ, ಹೇಡಿಯೂ ಅಲ್ಲ. ತಾನೇ ಮೊದಲು ಇಳಿದ. ಕೇಡು ಇದ್ದದ್ದೇ ಅಲ್ಲಿ. ಮೊದಲು ಇಳಿಯುವವನನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ. ಹಿಂದೆಯೇ ಸಾಬಣ್ಣ ಹಗ್ಗ ಹಿಡಿದ.

"ಬಿಡ್ರಿ ರಾಯಪ್ಪಣ್ಣಾ. ಕೈ ನಡಗಾಕತ್ತಾವೇನು?"

ನಡುಗುತ್ತಿಲ್ಲವೆಂದು ತೋರಿಸಲಿಕ್ಕೇ ರಾಯಪ್ಪ ಹಗ್ಗ ಬಿಟ್ಟು ಅವನನ್ನು ಕೆಳಗಿಳಿಸಿದ.

ಹಾರೆ ಬಿದ್ದದ್ದು ಎಂಟನೆಯ ಕುಳಿಯ ಮೇಲೆ. ಇಬ್ಬರಲ್ಲಿ ಉಳಿದಷ್ಟನ್ನು ಅದೇ ಹಗ್ಗದಿಂದ ಮೇಲೆ ಎಳೆದರು.

ಮೂರನೆಯ ದಿನ ಬಸಗೊಂಡಪ್ಪ ಪರಸವ್ವನ ಅಂಗಳಕ್ಕೆ ಬಂದು, ನಿಂತೇ ಹೇಳಿದ: "ಶಾಂತಪ್ಪ ಅಂದ್ರ ಹುಲಿ ನೋಡ್ರಿ, ಹುಲಿ! ಇರ್ಲಿ. ರಾಯಪ್ಪಾ, ನಾಳಿಂದ ಮತ್ತ ನೀನ ಮುಕಾದಮ."

ಇನ್ನೊಬ್ಬನ ಪ್ರಾಣ ಒಯ್ದ ಮೇಲೂ ಹುಲಿ ಅವನೇ. ಎಣಿಸಿದವನು ಬರೀ "ಇರ್ಲಿ".

ಪರಸವ್ವ ತಲೆ ಎತ್ತಿದಳು. "ಅಣ್ಣಾ, ಎಷ್ಟು ಎಣಿಸಿದ್ದಿ?"

"ಏಳು."

"ಮತ್ತ ಹಗ್ಗ ಯಾಕ ಬಿಟ್ಟಿ?"

ರಾಯಪ್ಪ ಮತ್ತೆ ಮುಕಾದಮನಾಗಲು ಒಪ್ಪಲಿಲ್ಲ. ವಿಜಾಪುರದ ಗಾಂಧಿ ಚೌಕಕ್ಕೆ ಚೀಲ ಹೊರಲು ಹೋದ. ಬಸಗೊಂಡಪ್ಪ ವಾರದೊಳಗೆ ಇನ್ನೊಬ್ಬ ಎದೆಗಾರನನ್ನು ಹುಡುಕಿಕೊಂಡ.